ಗೇರುಬೀಜದ ಅಂಗಳದಲ್ಲಿ ಪಾಸ್ಕ ಹಬ್ಬ

ಹಬ್ಬಗಳಲ್ಲಿ ಕೆಲವು ಸೂರ್ಯನನ್ನು ನೋಡಿ ಬರುತ್ತವೆ, ಕೆಲವು ಚಂದ್ರನನ್ನು ನೋಡಿ ಬರುತ್ತವೆ. ನಮ್ಮ ತುಳುನಾಡಿನ ಬಿಸು ಸೂರ್ಯನ ಹಬ್ಬ. ಮುಸಲ್ಮಾನ ಬಾಂಧವರ ಈದ್ ಚಂದ್ರನದು. ಕ್ರೈಸ್ತರ ಈಸ್ಟರಿಗೆ ಮಾತ್ರ ಇಬ್ಬರೂ ಬೇಕು, ಸಾಲದುದಕ್ಕೆ ಒಂದು ಭಾನುವಾರವೂ ಬೇಕು. ಮಾರ್ಚ್ 21ರಂದು ಅಥವಾ ಅದರ ಅನಂತರ ಬರುವ ಹುಣ್ಣಿಮೆ ಕಳೆದ ಮೇಲಿನ ಮೊದಲ ಭಾನುವಾರವೇ ಈಸ್ಟರ್. ಎಲ್ಲರೂ ಒಂದೇ ಭಾನುವಾರ ಈ ಹಬ್ಬವನ್ನು ಆಚರಿಸತಕ್ಕದ್ದೆಂದು 325ರಲ್ಲಿ ಸೇರಿದ ನಿಕೇಯಾ ಸಭೆಯು ಗೊತ್ತುಮಾಡಿತು. ಇದರಿಂದಾಗಿ ಹಬ್ಬವು ಮಾರ್ಚ್ 22ಕ್ಕಿಂತ ಮುಂಚೆ ಬರುವಂತಿಲ್ಲ, ಏಪ್ರಿಲ್ 25ನ್ನು ದಾಟುವಂತಿಲ್ಲ. 2024ರಲ್ಲಿ ಮಾರ್ಚ್ 31ಕ್ಕೆ ಬಂದದ್ದು 2025ರಲ್ಲಿ ಏಪ್ರಿಲ್ 20ಕ್ಕೆ ಸರಿಯಿತು. 2026ರ ಲೆಕ್ಕಕ್ಕೆ ಏಪ್ರಿಲ್ 5.

ಪಂಚಾಂಗದ ಈ ಮಾತು ಕೃಷಿಯ ಪುಟದಲ್ಲೇಕೆಂದು ವಾಚಕರು ಕೇಳಬಹುದು. ಈ ಮೂವತ್ತೈದು ದಿನಗಳ ಅವಧಿಯೇ ನಮ್ಮ ಕಾಸರಗೋಡಿನ ಗುಡ್ಡದ ಮೇಲಿನ ಕೃಷಿಕನಿಗೆ ಉಸಿರಾಡಲು ಬಿಡುವಿಲ್ಲದ ಅವಧಿ. ಗೇರುಬೀಜ ಉದುರುವುದು ಆಗ, ಹಲಸು ಬಲಿಯುವುದು ಆಗ, ಬಾವಿ ತಳ ಕಾಣುವುದೂ ಆಗ. ಅಡಿಕೆ ತೋಟಕ್ಕೆ ನೀರು ಬಿಡುವ ಸರದಿ ರಾತ್ರಿ ಎರಡು ಗಂಟೆಗೆ ಬಂದರೆ ಎರಡು ಗಂಟೆಗೆ ಏಳಬೇಕು. ಯುರೋಪಿನವರು ಬರೆದ ಪುಸ್ತಕಗಳಲ್ಲಿ ಈಸ್ಟರ್ ಎಂದರೆ ಹಿಮ ಕರಗಿ ಚಿಗುರು ಒಡೆಯುವ ಕಾಲ, ಹಸುರು ಹುಲ್ಲು, ಮೊಲದ ಮರಿ. ನಮ್ಮಲ್ಲಿ ಆಗ ಹುಲ್ಲು ಕಂದಿ ಹುಡಿಯಾಗಿರುತ್ತದೆ. ಮೊಲದ ಮಾತಿರಲಿ, ಕೋಳಿಯೂ ಬಾಯಿ ತೆರೆದುಕೊಂಡು ಏದುಸಿರು ಬಿಡುತ್ತ ಬಾಳೆಯ ಬುಡದಲ್ಲಿ ಬಿದ್ದಿರುತ್ತದೆ.

ಹಾಗಾದರೆ ಈ ಹಬ್ಬಕ್ಕೂ ಮೊಟ್ಟೆಗೂ ನಂಟು ಹೇಗೆ ಬಂತು? ಹಿಂದಿನ ಕಾಲದಲ್ಲಿ ಪಶ್ಚಿಮ ದೇಶಗಳ ಕ್ರೈಸ್ತರು ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲದಲ್ಲಿ ಮಾಂಸವನ್ನಷ್ಟೇ ಅಲ್ಲ, ಹಾಲು ಮೊಟ್ಟೆಗಳನ್ನೂ ಬಿಡುತ್ತಿದ್ದರು. ಆದರೆ ಕೋಳಿಗೆ ಉಪವಾಸದ ನಿಯಮ ತಿಳಿಯದಷ್ಟೆ! ಶೀತದೇಶಗಳಲ್ಲಿ ಚಳಿಗಾಲದ ಸಣ್ಣ ಹಗಲುಗಳಲ್ಲಿ ಕೋಳಿ ಮೊಟ್ಟೆ ಇಡುವುದನ್ನು ಕಡಿಮೆ ಮಾಡುತ್ತದೆ. ಹಗಲು ಉದ್ದವಾಗುತ್ತ ಬಂದಂತೆ ಮತ್ತೆ ಇಡತೊಡಗುತ್ತದೆ. ಬೆಳಕು ಕಣ್ಣಿಗೂ ಮಿದುಳಿಗೂ ತಾಗಿ ಅಂಡಾಶಯವನ್ನು ಎಚ್ಚರಿಸುವುದರಿಂದ ಹೀಗಾಗುತ್ತದೆ. ಜನ ತಿನ್ನದಿರುವ ಕಾಲಕ್ಕೇ ಕೋಳಿ ಹೆಚ್ಚು ಇಟ್ಟರೆ ಬುಟ್ಟಿ ತುಂಬದೆ ಏನಾದೀತು? ಹಬ್ಬದ ಬೆಳಗ್ಗೆ ಆ ಬುಟ್ಟಿ ಹೊರಬರುತ್ತಿತ್ತು. ಮುಚ್ಚಿದ ಚಿಪ್ಪನ್ನು ಒಡೆದು ಜೀವ ಹೊರಬರುವುದರಲ್ಲಿ ಭಕ್ತರು ಯೇಸುಸ್ವಾಮಿಯ ಸಮಾಧಿಯ ಸಂಕೇತವನ್ನು ಕಂಡರು. ಪೂರ್ವದೇಶದ ಕ್ರೈಸ್ತರಲ್ಲಿ ಮೊಟ್ಟೆಗೆ ಕೆಂಪು ಬಣ್ಣ ಹಾಕುವ ವಾಡಿಕೆ ಬಹಳ ಹಳೆಯದು. ನಮ್ಮ ಕಾಸರಗೋಡಿನಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಹೆಚ್ಚುಕಡಿಮೆ ಒಂದೂವರೆ ಗಂಟೆಯ ಅಂತರ ಮಾತ್ರ. ಇಲ್ಲಿಯ ಕೋಳಿಗೆ ಹಗಲಿನ ಉದ್ದಕ್ಕಿಂತ ಸೆಕೆಯೇ ದೊಡ್ಡ ಸಂಗತಿ. ಆದುದರಿಂದ ಕರಾವಳಿಯ ಕೊಂಕಣಿ ಕ್ರೈಸ್ತರಲ್ಲಿ ಬಣ್ಣದ ಮೊಟ್ಟೆ ಹಿಂದಿನಿಂದ ಬಂದ ಪದ್ಧತಿಯಲ್ಲ. ಮಂಗಳೂರಿನ ಬೇಕರಿಗಳಲ್ಲಿ ಗೇರುಬೀಜವನ್ನು ಸಕ್ಕರೆಯೊಂದಿಗೆ ಅರೆದು ಮೊಟ್ಟೆಯ ಆಕಾರಕ್ಕೆ ಅಚ್ಚೊತ್ತಿ ಮಾರುವುದುಂಟು. ಅಷ್ಟರಮಟ್ಟಿಗೆ ನಮ್ಮ ಗುಡ್ಡದ ಬೆಳೆಗೂ ಈ ಹಬ್ಬಕ್ಕೂ ಸಂಬಂಧ.

ನಮ್ಮ ಮನೆಯಲ್ಲಿ ಮೂವರು ಮಕ್ಕಳು. ಹಿರಿಯಳಿಗೆ ಹತ್ತು ವರ್ಷ, ನಡುವಿನವನಿಗೆ ಏಳು, ಕಿರಿಯಳಿಗೆ ನಾಲ್ಕು. ಮನೆಮಾತು ಕೊಂಕಣಿ, ಶಾಲೆ ಕನ್ನಡದ್ದು. ಊರಿನ ಇಗರ್ಜಿ ಕೇರಳದಲ್ಲಿದ್ದರೂ ಮಂಗಳೂರು ಧರ್ಮಪ್ರಾಂತಕ್ಕೆ ಸೇರಿದ್ದು. ಪೂಜೆ ಕೊಂಕಣಿಯಲ್ಲಿ, ಕೈಯಲ್ಲಿ ಹಿಡಿಯುವ ಪ್ರಾರ್ಥನೆಯ ಪುಸ್ತಕ ಕನ್ನಡ ಲಿಪಿಯಲ್ಲಿ. 1938ರಲ್ಲಿ ಹೊರಡತೊಡಗಿದ ಕೊಂಕಣಿ ವಾರಪತ್ರಿಕೆ ‘ರಾಕ್ಣೊ’ ಕೂಡ ಕನ್ನಡ ಲಿಪಿಯದೇ ಆದುದರಿಂದ, ನಮ್ಮ ತಾಯಿಯವರು ಎಂಬತ್ತರ ಹತ್ತಿರ ಬಂದರೂ ಕನ್ನಡಕವಿಟ್ಟು ಅದನ್ನು ಓದುತ್ತಾರೆ. ಹಿಂದಿನ ಮಳೆಗಾಲದಲ್ಲಿ ಅವರು ಜಾರಿ ಬಿದ್ದು ಸೊಂಟದ ಎಲುಬು ಮುರಿದಿತ್ತು. ಕೋಲು ಹಿಡಿದು ಅಂಗಳದವರೆಗೆ ಬರುತ್ತಾರೆ. ಗುಡ್ಡ ಇಳಿದು, ಸಂಕ ದಾಟಿ, ಇಗರ್ಜಿಯ ಮೆಟ್ಟಿಲು ಹತ್ತುವುದು ಇನ್ನು ಸಾಧ್ಯವಿಲ್ಲ. ಪಾಸ್ಕ ಜಾಗರಣೆಯನ್ನು ತಪ್ಪಿಸಲು ಎಂದೂ ಮನಸ್ಸಿಲ್ಲದವರು 2025ರಲ್ಲಿ ಮನೆಯಲ್ಲಿ ಉಳಿಯಬೇಕಾಯಿತು. ಮಾತಿನಲ್ಲಿ ಅವರು ಅದನ್ನು ಹೇಳಿಕೊಳ್ಳಲಿಲ್ಲ. ಮಕ್ಕಳು ಮಾತ್ರ ಅಜ್ಜಿಗಾಗಿ ಹಬ್ಬವನ್ನು ಮನೆಗೇ ತರಬೇಕೆಂದು ಪಟ್ಟು ಹಿಡಿದರು. ಮೊದಲ ಯೋಜನೆ ಕೋಳಿಮರಿಗಳದು.

ನಮ್ಮ ನಾಟಿ ಹೇಂಟೆಯೊಂದು ಮಾರ್ಚ್ ಕೊನೆಗೆ ಕಾವು ಕೂರುವ ಲಕ್ಷಣ ತೋರಿಸಿತು. ಗೂಡು ಬಿಟ್ಟೇಳದೆ, ಕೈ ಹತ್ತಿರ ಹೋದರೆ ಗರಿಯುಬ್ಬಿಸಿ ಕುಕ್ಕುವುದೇ ಆ ಲಕ್ಷಣ. ಕೋಳಿಮೊಟ್ಟೆಗೆ ಇಪ್ಪತ್ತೊಂದು ದಿನದ ಕಾವು ಬೇಕು. ಏಪ್ರಿಲ್ 20ರಿಂದ ಹಿಂದಕ್ಕೆ ಎಣಿಸಿದ ಹಿರಿಯಳು ಮಾರ್ಚ್ 30ನ್ನು ಗುರುತಿಸಿದಳು. ಆ ವರ್ಷ ಚಾಂದ್ರಮಾನ ಯುಗಾದಿಯೂ ಅದೇ ದಿನ, ಮರುದಿನ ಈದ್. ಹಳೆಯ ಅಕ್ಕಿ ಕುಕ್ಕೆಯಲ್ಲಿ ಬೂದಿ, ಅದರ ಮೇಲೆ ಒಣ ಬೈಹುಲ್ಲು ಹಾಸಿ ಹನ್ನೊಂದು ಮೊಟ್ಟೆ ಇಟ್ಟೆವು. ಬೂದಿ ಹಾಕುವುದು ಹೇನಿಗೆ. ಮೊಟ್ಟೆ ಬೆಸಸಂಖ್ಯೆಯಲ್ಲಿರಬೇಕೆಂಬುದು ನಮ್ಮ ತಾಯಿಯವರ ಆಗ್ರಹ. ಇದಕ್ಕೆ ಕಾರಣವಿಲ್ಲ, ಆದರೆ ನಾಟಿ ಹೇಂಟೆಯ ಮೈಯಡಿಯಲ್ಲಿ ಹತ್ತು ಹನ್ನೆರಡಕ್ಕಿಂತ ಹೆಚ್ಚು ಇಟ್ಟರೆ ಅಂಚಿನವು ತಣ್ಣಗಾಗುತ್ತವೆಂಬುದು ಮಾತ್ರ ನಿಜ. ಗುಡುಗಿಗೆ ಮೊಟ್ಟೆ ಕೆಡುವುದೆಂದು ಒಂದು ಕಬ್ಬಿಣದ ಮೊಳೆಯನ್ನೂ ಹುಲ್ಲಿನೊಳಗೆ ಸೇರಿಸಿದರು. ಮೊಳೆಯಿಂದ ಗುಡುಗು ತಡೆಯುವುದೆಂದು ಪಾಠ ಹೇಳುವ ಧೈರ್ಯ ನನಗಿಲ್ಲ. ಆದರೂ ಮೊಳೆಯಿಂದ ಕೋಳಿಗೆ ನಷ್ಟವೂ ಇಲ್ಲವಾದುದರಿಂದ ಅದು ಅಲ್ಲಿಯೇ ಇತ್ತು.

ಏಳನೆಯ ರಾತ್ರಿ ಕತ್ತಲೆಯಲ್ಲಿ ಟಾರ್ಚಿನ ಬಾಯಿಗೆ ಮೊಟ್ಟೆ ಹಿಡಿದು ಮಕ್ಕಳಿಗೆ ತೋರಿಸಿದೆವು. ಜೀವ ಕೂಡಿದ ಮೊಟ್ಟೆಯಲ್ಲಿ ಜೇಡನ ಕಾಲಿನಂತೆ ಕೆಂಪು ನರಗಳು ಕಾಣುತ್ತವೆ, ನಡುವೆ ಒಂದು ಕಪ್ಪು ಚುಕ್ಕಿ. ಕೂಡದ ಮೊಟ್ಟೆ ನಿರ್ಮಲವಾಗಿ ಹೊಳೆಯುತ್ತದೆ. ಮೂರು ಮೊಟ್ಟೆಗಳು ಹೀಗೆ ಹೊಳೆದುವು, ತೆಗೆದುಬಿಟ್ಟೆವು. ಎಂಟು ಉಳಿದುವು. ಕೋಳಿ ಸಾಕುವವರೆಲ್ಲರೂ ಈ ಪರೀಕ್ಷೆಯನ್ನು ಮಾಡುವುದು ಒಳ್ಳೆಯದು, ಏಕೆಂದರೆ ಹಾಳಾದ ಮೊಟ್ಟೆ ಕೊಳೆತು ಒಡೆದರೆ ಗೂಡಿಗೆಲ್ಲ ಕೇಡು. ಏಳು ವರ್ಷದವನು ಅಂದಿನಿಂದ ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಎಳೆಯತೊಡಗಿದ. ಕಿರಿಯಳು ತಾನೂ ಎಳೆಯಬೇಕೆಂದು ಹಟಹಿಡಿದು ಜೂನ್ ತಿಂಗಳಿಗೆಲ್ಲ ಗೀಟು ಎಳೆದಳು.

ಗರಿಗಳ ಭಾನುವಾರಕ್ಕೆ ತೆಂಗಿನ ಸಿರಿ ಬೇಕು. ಇದರಲ್ಲಿ ಕೃಷಿಕರು ತಿಳಿಯಬೇಕಾದ ಒಂದು ಮಾತಿದೆ. ತೆಂಗಿನಲ್ಲಿ ಪ್ರತಿಯೊಂದು ಎಲೆಯ ಕಂಕುಳಿಂದ ಒಂದೊಂದು ಹೊಂಬಾಳೆ ಬರುವುದು ಸ್ವಭಾವ. ಅರಳದ ಸುಳಿಯನ್ನು ಕಡಿದರೆ ಬರಿಯ ಎಲೆಯನ್ನಲ್ಲ, ಮುಂದೆ ಅಲ್ಲಿ ಬರಬಹುದಾಗಿದ್ದ ಗೊನೆಯನ್ನೂ ಕಡಿದಂತೆ. ಅಲ್ಲದೆ ಸುಳಿಗಾಯಕ್ಕೆ ದುಂಬಿ ಬರುತ್ತದೆ. ಕಾಯಿ ಬಿಡದ ಮುದಿಮರದಿಂದಲೋ ಕಡಿಯಲೆಂದೇ ಗುರುತುಹಾಕಿದ ಮರದಿಂದಲೋ ಸಿರಿ ತೆಗೆಯುವುದು ಜಾಣತನ. ಆಶೀರ್ವದಿಸಿದ ಗರಿಯನ್ನು ಮನೆಯ ಪೀಠದಲ್ಲಿ ಇಟ್ಟು ಒಣಗಿಸಿ ಮುಂದಿನ ವರ್ಷ ಹಿಂದಿರುಗಿಸಿದರೆ, ಅದನ್ನೇ ಸುಟ್ಟು ಬೂದಿ ಬುಧವಾರದ ಬೂದಿ ಮಾಡುತ್ತಾರೆ. ಪೂರ್ವದ ಮಲೆಯ ಕಡೆ ತಿರುವಾಂಕೂರಿನಿಂದ ಬಂದು ನೆಲಸಿದ ಕ್ರೈಸ್ತರು ಈ ಗರಿಯ ತುಂಡನ್ನು ಶಿಲುಬೆಯಂತೆ ಮಾಡಿ ಪವಿತ್ರ ಗುರುವಾರದ ಪೆಸಹಾ ಅಪ್ಪದ ಮೇಲೆ ಇಡುವರು. ಹುಳಿ ಹಾಕದ ಅಕ್ಕಿಯ ರೊಟ್ಟಿ ಅದು. ನಮ್ಮಲ್ಲಿ ಆ ಪದ್ಧತಿಯಿಲ್ಲ. ಶುಭ ಶುಕ್ರವಾರ ಗಂಜಿ, ಉಪ್ಪಿನಕಾಯಿ, ಅಷ್ಟೆ.

ಮಕ್ಕಳ ಎರಡನೆಯ ಯೋಜನೆ ಬಣ್ಣದ ಮೊಟ್ಟೆಗಳದು. ಪೇಟೆಯ ಬಣ್ಣದ ಪುಡಿ ಬೇಡ, ತೋಟದಲ್ಲಿ ಸಿಕ್ಕುವುದರಿಂದಲೇ ಮಾಡಿರೆಂದು ಅವರ ತಾಯಿ ಹೇಳಿದರು. ಶುಕ್ರವಾರ ಅಡುಗೆಮನೆಯ ಕೆಲಸ ಕಡಿಮೆಯಾದುದರಿಂದ ಹಿತ್ತಿಲ ಒಲೆ ಮಕ್ಕಳ ಪಾಲಾಯಿತು. ಕೆಂಪು ಈರುಳ್ಳಿಯ ಒಣಸಿಪ್ಪೆ ಒಂದು ಹಿಡಿ ಹಾಕಿ ಕುದಿಸಿದ ನೀರಿನಲ್ಲಿ ಬೆಂದ ಮೊಟ್ಟೆ ಸೊಗಸಾದ ಕಂದುಗೆಂಪಾಯಿತು. ಅರಸಿನ ಹಳದಿಯನ್ನು ಕೊಟ್ಟಿತು, ಹಾಗೆಯೇ ಮೂವರ ಬೆರಳಿಗೂ ಗೋಡೆಗೂ ಬೆಕ್ಕಿನ ಬೆನ್ನಿಗೂ ಕೊಟ್ಟಿತು. ಸಾಗುವಾನಿಯ ಎಳೆಚಿಗುರನ್ನು ಅಂಗೈಯಲ್ಲಿ ತಿಕ್ಕಿದರೆ ರಕ್ತದಂತೆ ಕೆಂಪಾಗುವುದು ನಮ್ಮ ಮಕ್ಕಳೆಲ್ಲರಿಗೂ ಗೊತ್ತು. ಹಲಸಿನ ಗಟ್ಟಿಯನ್ನು ಆ ಎಲೆಯಲ್ಲಿ ಕಟ್ಟಿ ಬೇಯಿಸಿದಾಗ ಬಣ್ಣ ಇಳಿಯುವುದನ್ನು ಅವರು ನೋಡಿದ್ದಾರೆ. ಮೊಟ್ಟೆಯನ್ನು ಅದೇ ಎಲೆಯಲ್ಲಿ ಸುತ್ತಿ ಬಾಳೆನಾರಿನಿಂದ ಕಟ್ಟಿ ಬೇಯಿಸಿದಾಗ ಕಾವಿ ಬಣ್ಣದ ಮೇಲೆ ಎಲೆಯ ನರಗಳ ಗುರುತು ಬಿದ್ದಿತು. ಎಲ್ಲಕ್ಕಿಂತ ಚೆಲುವಾದದ್ದು ಅದು.

ಆಗ ನಾಲ್ಕು ವರ್ಷದವಳು ತನ್ನ ಮೊಟ್ಟೆಯನ್ನು ಪುನರ್ಪುಳಿಯ ರಸದ ಲೋಟದಲ್ಲಿ ಮುಳುಗಿಸಿದಳು. ಪುನರ್ಪುಳಿಗಿಂತ ಕೆಂಪು ಬೇರೆ ಯಾವುದಿದೆ? ಅವಳ ತರ್ಕದಲ್ಲಿ ದೋಷವಿರಲಿಲ್ಲ. ಆದರೆ ಸ್ವಲ್ಪ ಹೊತ್ತಿಗೆ ಮೊಟ್ಟೆಯ ಮೈಮೇಲೆಲ್ಲ ಸಣ್ಣ ಗುಳ್ಳೆಗಳು ಏಳತೊಡಗಿದುವು, ರಸದ ಕೆಂಪು ಮಂಕಾಗಿ ನೇರಳೆಗೆ ತಿರುಗಿತು, ತೆಗೆದು ನೋಡಿದರೆ ಚಿಪ್ಪು ಮರಳುಕಾಗದದಂತೆ ಒರಟು. ಅವಳು ಅತ್ತಳು. ಅಣ್ಣ ಮಾತ್ರ ಲೋಟದ ಹತ್ತಿರ ಕಿವಿಯಿಟ್ಟು, “ಅಪ್ಪಾ, ಮೊಟ್ಟೆ ಸೋಡ ಮಾಡುತ್ತಿದೆ!” ಎಂದು ಕೂಗಿದ. ಅವನೆಂದದ್ದು ಅಕ್ಷರಶಃ ಸರಿ. ಮೊಟ್ಟೆಯ ಚಿಪ್ಪಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಕ್ಯಾಲ್ಸಿಯಂ ಕಾರ್ಬೊನೇಟು, ಅಂದರೆ ಸುಣ್ಣಕಲ್ಲಿನ ವಸ್ತು. ಹುಳಿ ಅದಕ್ಕೆ ತಾಗಿದರೆ ಇಂಗಾಲದ ಡೈ ಆಕ್ಸೈಡು ಗುಳ್ಳೆಯಾಗಿ ಹೊರಡುತ್ತದೆ. ಸೋಡಾದಲ್ಲಿರುವುದೂ ಅದೇ ಅನಿಲ. ಕಾಯಿಸಿದ ಚಿಪ್ಪಿಸುಣ್ಣ ಮಾಡುವವರ ಗೂಡಿನಲ್ಲಿ ಮರುವಾಯಿಯ ಚಿಪ್ಪಿನಿಂದ ಬೆಂಕಿ ಹೊರಡಿಸುವುದನ್ನು ಇಲ್ಲಿ ಹುಳಿ ಹೊರಡಿಸಿತು.

ಈ ಪ್ರಸಂಗದಿಂದ ಕೋಳಿ ಸಾಕುವವರಿಗೆ ಪ್ರಯೋಜನವಾದ ಇನ್ನೊಂದು ಸಂಗತಿ ಹೇಳಬೇಕಾಗಿದೆ. ಒಂದು ಚಿಪ್ಪಿಗೆ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಬೇಕು, ಹೇಂಟೆ ಅದನ್ನು ಆಹಾರದಿಂದ, ಸಾಲದಿದ್ದರೆ ತನ್ನ ಎಲುಬಿನಿಂದ ತೆಗೆದುಕೊಡುತ್ತದೆ. ಸೆಕೆಯ ಕಾಲದಲ್ಲಿ ಕೋಳಿಗೆ ಬೆವರಿಲ್ಲದ ಕಾರಣ ಏದುಸಿರಿನಿಂದಲೇ ಮೈ ತಂಪು ಮಾಡಿಕೊಳ್ಳಬೇಕು. ಏದಿದಷ್ಟೂ ರಕ್ತದಿಂದ ಇಂಗಾಲದ ಡೈ ಆಕ್ಸೈಡು ಹೊರಹೋಗುತ್ತದೆ. ಚಿಪ್ಪಿಗೆ ಬೇಕಾದ ಕಾರ್ಬೊನೇಟು ಕಡಿಮೆಯಾಗುತ್ತದೆ. ಏಪ್ರಿಲಿನಲ್ಲಿ ನಮ್ಮ ಮೊಟ್ಟೆಗಳ ಚಿಪ್ಪು ತೆಳ್ಳಗಾಗುವುದಕ್ಕೆ ಇದೇ ಕಾರಣ, ದೃಷ್ಟಿ ತಾಗಿದ್ದಲ್ಲ. ನೆರಳು, ತಣ್ಣೀರು, ಬೆಳಗ್ಗೆ ಮತ್ತು ಸಂಜೆಯ ತಂಪಿನಲ್ಲಿ ಆಹಾರ, ಜೊತೆಗೆ ಮರುವಾಯಿಯ ಚಿಪ್ಪನ್ನು ಜಜ್ಜಿ ಒಂದು ಗೆರಟೆಯಲ್ಲಿ ಬೇರೆಯಾಗಿಯೇ ಇಡುವುದು. ಕೋಳಿ ತನಗೆ ಬೇಕಾದಷ್ಟನ್ನೇ ಹೆಕ್ಕಿ ತಿನ್ನುತ್ತದೆ. ನಮ್ಮ ಕರಾವಳಿಯಲ್ಲಿ ಇದಕ್ಕೆ ಖರ್ಚೇ ಇಲ್ಲ.

ಶನಿವಾರದ ವಿಷಯಕ್ಕೆ ಬರೋಣ. ಆ ವಾರವಿಡೀ ಬಿದ್ದ ಗೇರುಬೀಜ ಅಂಗಳದಲ್ಲಿ ಒಣಗುತ್ತಿತ್ತು. ಹಣ್ಣಿನಿಂದ ತಿರುಚಿ ತೆಗೆದ ಬೀಜವನ್ನು ಎರಡು ಮೂರು ದಿನ ಒಳ್ಳೆಯ ಬಿಸಿಲಿಗೆ ಹರಡಿ, ತೇವ ನೂರಕ್ಕೆ ಒಂಬತ್ತಕ್ಕಿಂತ ಕೆಳಗಿಳಿದ ಮೇಲೆ ಗೋಣಿಗೆ ತುಂಬಬೇಕು. ಉಗುರಿನಿಂದ ಒತ್ತಿದರೆ ಗುರುತು ಬೀಳಬಾರದು, ಕೈಯಲ್ಲಿ ಆಡಿಸಿದರೆ ಗಲಗಲ ಸದ್ದಾಗಬೇಕು. ಅರ್ಧ ಒಣಗಿದ ಬೀಜಕ್ಕೆ ಮಳೆ ತಾಗಿತೋ, ಸಿಪ್ಪೆ ಕಪ್ಪಾಗುತ್ತದೆ, ಒಳಗಿನ ತಿರುಳಿಗೆ ಕಲೆ ಬೀಳುತ್ತದೆ, ವ್ಯಾಪಾರಿ ಬೆಲೆಯಲ್ಲಿ ಕಡಿತ ಮಾಡುತ್ತಾನೆ. ನಮ್ಮಂಥ ಸಣ್ಣ ಹಿಡುವಳಿಯವರಿಗೆ ಮಕ್ಕಳ ಪುಸ್ತಕ, ಕೊಡೆ, ಮಳೆಗಾಲದ ಅಕ್ಕಿ, ಅಜ್ಜಿಯ ಔಷಧ ಎಲ್ಲವೂ ಆ ಅಂಗಳದಲ್ಲೇ ಹರಡಿಕೊಂಡಿರುತ್ತವೆ ಎಂದರೆ ತಪ್ಪಾಗದು.

ಸಂಜೆ ಆರು ಗಂಟೆಗೆ ಎಲ್ಲರೂ ಹೊರಡಲು ಸಿದ್ಧರಾಗಿದ್ದೆವು. ಹೆಣ್ಣುಮಕ್ಕಳಿಗೆ ಬಿಳಿಯ ಫ್ರಾಕು, ಹುಡುಗನಿಗೆ ಇಸ್ತ್ರಿ ಮಾಡಿದ ಅಂಗಿ. ಅಷ್ಟರಲ್ಲಿ ಪೂರ್ವದಿಕ್ಕಿನ ಮಲೆಯ ಮೇಲೆ ಕಪ್ಪು ಮೋಡ ಕಟ್ಟಿ ತಣ್ಣನೆಯ ಗಾಳಿ ಬೀಸಿತು. ಏಪ್ರಿಲಿನ ಈ ಸಂಜೆಮಳೆ ಮಾವಿಗೂ ಅಡಿಕೆಗೂ ಬಾವಿಗೂ ಬೇಕೇ ಬೇಕು. ಅದು ಬರಲೆಂದು ವಾರದ ಹಿಂದೆ ಪ್ರಾರ್ಥಿಸಿದವರೂ ನಾವೇ. ಯಾರೂ ಯಾರಿಗೂ ಹೇಳಲಿಲ್ಲ. ಮನೆಯಾಕೆ ಸೀರೆಯ ಸೆರಗು ಸಿಕ್ಕಿಸಿ ಹಿಡಿಸೂಡಿ ಹಿಡಿದರು, ನಾನು ಗೋಣಿ ತಂದೆ, ಮಕ್ಕಳು ತಡಪೆ ಬುಟ್ಟಿ ಸಿಕ್ಕಿದ್ದನ್ನು ತೆಗೆದುಕೊಂಡು ಅಂಗಳಕ್ಕೆ ಹಾರಿದರು. ಜಗಲಿಯಲ್ಲಿ ಕುಳಿತ ನಮ್ಮ ತಾಯಿ ಕೋಲಿನಿಂದ ತೋರಿಸುತ್ತ, “ಆ ಮೂಲೆಯಲ್ಲಿ! ತುಳಸಿಕಟ್ಟೆಯ ಮನೆಯವರ ಬೇಲಿಯ ಬುಡದಲ್ಲಿ!” ಎಂದು ಸೇನಾಪತಿಯಂತೆ ಆಜ್ಞೆ ಮಾಡಿದರು. ಆ ಬೇಲಿಯಾಚೆಯ ಹವ್ಯಕರ ಮನೆಯ ಹುಡುಗರಿಬ್ಬರು ಕರೆಯದೆಯೇ ಬೇಲಿ ಹಾರಿ ಬಂದರು. ಕೊನೆಯ ಬುಟ್ಟಿ ಜಗಲಿ ಸೇರುವುದಕ್ಕೂ ದೊಡ್ಡ ಹನಿಗಳು ಬೀಳುವುದಕ್ಕೂ ಸರಿಹೋಯಿತು. ಒಂದೆರಡು ಸೇರಿನಷ್ಟು ನೆನೆಯಿತು, ಉಳಿದದ್ದೆಲ್ಲ ಉಳಿಯಿತು.

ಬಿಳಿಯ ಫ್ರಾಕುಗಳು ಮಾತ್ರ ಉಳಿಯಲಿಲ್ಲ. ಕಿರಿಯಳು ಗೇರುಹಣ್ಣಿನ ರಾಶಿಯ ಮೇಲೆ ಕುಳಿತೇ ಬೀಜ ಹೆಕ್ಕಿದ್ದಳು. ಗೇರುಹಣ್ಣಿನ ರಸದ ಕಲೆ ಹೋಗುವುದಲ್ಲವೆಂದು ಓದುಗರಿಗೆ ಹೇಳಬೇಕಾದ ಅಗತ್ಯವಿಲ್ಲ. ಮೂವರಿಗೂ ಶಾಲೆಯ ಸಮವಸ್ತ್ರ ತೊಡಿಸಿದೆವು. ಒಗೆದು ಮಡಚಿಟ್ಟದ್ದು ಅದೊಂದೇ ಇತ್ತು. ಮಳೆ ನಿಲ್ಲುವಾಗ ಏಳೂಮುಕ್ಕಾಲು. ಅಜ್ಜಿಯ ಹತ್ತಿರ ಇರಲು ನೆರೆಮನೆಯ ಅಕ್ಕ ಬಂದರು, ನಾವು ಐವರು ಕೆಸರು ತುಳಿಯುತ್ತ ನಡೆದೆವು.

ಪಾಸ್ಕ ಜಾಗರಣೆ ಹೊಸ ಬೆಂಕಿಯಿಂದ ಆರಂಭವಾಗುತ್ತದೆ. ಇಗರ್ಜಿಯ ದೀಪಗಳೆಲ್ಲ ಆರಿರುತ್ತವೆ. ಹೊರಗೆ ಅಂಗಳದಲ್ಲಿ ಬೆಂಕಿ ಹಚ್ಚಿ, ಅದರಿಂದ ದೊಡ್ಡ ಮೇಣದ ಬತ್ತಿಯನ್ನು ಬೆಳಗಿ, ಕತ್ತಲೆಯೊಳಗೆ ಮೆರವಣಿಗೆಯಲ್ಲಿ ತರುತ್ತಾರೆ. ಬತ್ತಿಯ ಮೇಲೆ ಆ ವರ್ಷದ ಅಂಕಿಗಳನ್ನು ಕೆತ್ತಿ ಐದು ಧೂಪದ ಕಾಳುಗಳನ್ನು ಚುಚ್ಚಿರುತ್ತಾರೆ. ಅದರಿಂದ ಒಬ್ಬರಿಂದೊಬ್ಬರಿಗೆ ಕೈಬತ್ತಿಗಳು ಹತ್ತುತ್ತವೆ. ಆಗ ಹಾಡುವ ಪುರಾತನ ಸ್ತುತಿಗೀತೆಯಲ್ಲಿ ಜೇನುನೊಣಗಳ ಕೆಲಸದ ಸ್ಮರಣೆಯೂ ಬರುತ್ತದೆ. ಜೇನು ಸಾಕುವವನಾದ ನನಗೆ ಪ್ರತಿವರ್ಷ ಆ ಒಂದು ಮಾತಿನಲ್ಲಿ ಕಿವಿ ನಿಮಿರುವುದುಂಟು. ಬೇರೆ ಯಾವ ಹುಳಕ್ಕೆ ಆ ಮರ್ಯಾದೆ ಸಿಕ್ಕಿದೆ? ಈ ವಿಧಿಯನ್ನು ಬಹುಕಾಲ ಶನಿವಾರ ಬೆಳಗ್ಗೆಯೇ ಮುಗಿಸುತ್ತಿದ್ದರಂತೆ. ಹನ್ನೆರಡನೆಯ ಪಿಯುಸ್ ಪೋಪರು 1951ರಲ್ಲಿ ಪ್ರಯೋಗಾರ್ಥವಾಗಿ, 1956ರಿಂದ ಎಲ್ಲೆಡೆಗೂ, ಇದನ್ನು ಮತ್ತೆ ರಾತ್ರಿಗೆ ತಂದರು. ಹಗಲು ಬೆಳಕಿನಲ್ಲಿ ಬತ್ತಿ ಹಚ್ಚಿದರೆ ಮಕ್ಕಳಿಗೆ ಏನು ತಿಳಿದೀತು?

ನಾವು ಮುಟ್ಟಿದಾಗ ಬೆಂಕಿಯ ವಿಧಿ ಮುಗಿದು ವಾಚನಗಳು ನಡೆಯುತ್ತಿದ್ದುವು. ಮಕ್ಕಳಿಗೆ ಬಹಳ ನಿರಾಶೆ. ಆದರೆ ಗುರುವಾರದಿಂದ ಮೂಕವಾಗಿದ್ದ ಗಂಟೆಗಳು ಗ್ಲೋರಿಯಾ ಹಾಡಿನೊಂದಿಗೆ ಒಮ್ಮೆಗೇ ಮೊಳಗಿದಾಗ ಕಿರಿಯಳು ಅಮ್ಮನ ಹೆಗಲಿನಲ್ಲಿ ಬೆಚ್ಚಿ ಎಚ್ಚರಗೊಂಡು, “ಶಾಲೆ ಬಿಟ್ಟಿತು!” ಎಂದಳು. ಮೈಮೇಲೆ ಸಮವಸ್ತ್ರವಿತ್ತಲ್ಲ! ಮುಂದಿನ ಎರಡು ಸಾಲು ತಿರುಗಿ ನೋಡಿತು.

ಹುಡುಗನ ಮನಸ್ಸು ಬೇರೆ ಕಡೆ ಇತ್ತು. ಅವನು ಹಗಲಲ್ಲೇ ಒಂದು ಗೆರಟೆಗೆ ತೂತು ಕೊರೆದು ತಂತಿ ಕಟ್ಟಿಟ್ಟಿದ್ದ. ಕೈಬತ್ತಿಯನ್ನು ಆರಿಸದೆ ಅದರೊಳಗೆ ನಿಲ್ಲಿಸಿ ಅಜ್ಜಿಗೆ ಇಗರ್ಜಿಯ ಬೆಂಕಿಯನ್ನು ಒಯ್ಯಬೇಕು. ಇದೇ ಮೂರನೆಯ ಯೋಜನೆ, ಯಾರಿಗೂ ಹೇಳಿರಲಿಲ್ಲ. ಹುಣ್ಣಿಮೆ ಕಳೆದು ವಾರವಾದುದರಿಂದ ಚಂದ್ರ ಇನ್ನೂ ಹುಟ್ಟಿರಲಿಲ್ಲ. ಕತ್ತಲೆಯಲ್ಲಿ ಅವನು ಮುಂದೆ, ನಾವು ಹಿಂದೆ. ತೋಡಿನ ಸಂಕದ ನಡುವೆ ಗಾಳಿ ಬೀಸಿ ಬತ್ತಿ ಆರಿತು. ಹುಡುಗ ಅಳಲಿಲ್ಲ, ಸಂಕದ ಮೇಲೆ ಸುಮ್ಮನೆ ನಿಂತುಬಿಟ್ಟ; ಅದು ಅಳುವುದಕ್ಕಿಂತ ಕಷ್ಟವಾಗಿತ್ತು. ತೋಡಿನಾಚೆ ಬ್ಯಾರಿಯವರ ಮನೆಯ ಚಾವಡಿಯಲ್ಲಿ ಬೆಳಕಿತ್ತು. ಮಳೆಗೆ ವಿದ್ಯುತ್ತು ಹೋದುದರಿಂದ ಹಚ್ಚಿದ ಚಿಮಿಣಿ ದೀಪ. ಅವನು ಹೋಗಿ ಗೆರಟೆ ಚಾಚಿದ. ಮನೆಯ ಹಿರಿಯರು ಏನೆಂದು ಕೇಳಿ, ತಮ್ಮ ಚಿಮಿಣಿಯಿಂದಲೇ ಬತ್ತಿ ಹಚ್ಚಿಕೊಟ್ಟು, ಗಾಳಿಗೆ ಅಡ್ಡವಾಗಿ ಒಂದು ಅಡಿಕೆ ಹಾಳೆಯ ತುಂಡನ್ನೂ ಕಟ್ಟಿಕೊಟ್ಟರು. ಮನೆ ಮುಟ್ಟುವವರೆಗೆ ಆರಲಿಲ್ಲ.

ನಮ್ಮ ತಾಯಿ ಎಚ್ಚರವಾಗಿಯೇ ಇದ್ದರು. ಹುಡುಗ ಪ್ರಾಮಾಣಿಕನಾಗಿ, “ಅಜ್ಜೀ, ಇದು ಇಗರ್ಜಿಯದಲ್ಲ, ನಡುವೆ ಆರಿತ್ತು, ಬ್ಯಾರಿ ಕಾಕನ ಮನೆಯದು” ಎಂದು ವರದಿ ಒಪ್ಪಿಸಿದ. ಅವರು ಗೆರಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಪೀಠದ ಮೇಲಿನ ದೀಪವನ್ನು ಅದರಿಂದ ಹಚ್ಚಿ, ಶಿಲುಬೆಯ ಗುರುತು ಮಾಡಿದರು. “ಕಾಲು ಒದ್ದೆಯಾಗಿದೆಯಲ್ಲ ಮಗಾ, ಒರೆಸಿಕೊ” ಎಂದರು.

ಭಾನುವಾರದ ಊಟದ ವಿಷಯದಲ್ಲಿ ಹೆಚ್ಚು ಹೇಳಲಾರೆ. ಸಣ್ಣದ ಹಿಟ್ಟು ಉಬ್ಬಬೇಕಾದರೆ ಹೊಸ ಕಳ್ಳು ಬೇಕು. ಆ ವಾರ ಕಳ್ಳು ಇಳಿಸುವವರು ಊರಿಗೆ ಹೋಗಿದ್ದರು. ಕುಚ್ಚಿಲು, ಬೆಳ್ತಿಗೆ ಎರಡನ್ನೂ ಸೇರಿಸಿ ಅರೆದ ಹಿಟ್ಟಿಗೆ ಎಳನೀರು ಹುಳಿಬರಿಸಿ ಹಾಕಿದ್ದರು, ಆದರೆ ಮಳೆಯ ರಾತ್ರಿಯ ತಂಪಿಗೆ ಅದು ಹುಳಿಯೇರಲಿಲ್ಲ. ಸಣ್ಣಗಳು ತಟ್ಟೆಯಂತೆ ಚಪ್ಪಟೆಯಾದುವು. ಮಕ್ಕಳು ಅವುಗಳಲ್ಲಿ ಕಾಯಿಬೆಲ್ಲ ಸುತ್ತಿ ದೋಸೆಯೆಂದು ತಿಂದರು, ಎಂದಿಗಿಂತ ಹೆಚ್ಚೇ ತಿಂದರು. ಹಬ್ಬಕ್ಕೆಂದು ಆರು ತಿಂಗಳು ಮೇಯಿಸಿದ ಹುಂಜಕ್ಕೆ ಮೂವರೂ ಸೇರಿ ಜೀವದಾನ ಬೇಡಿದುದರಿಂದ ಮಾಂಸ ಪೇಟೆಯಿಂದ ಬಂತು. ಬಣ್ಣದ ಮೊಟ್ಟೆಗಳ ಸಿಪ್ಪೆ ಸುಲಿಯಲು ಹೋದರೆ ಬಿಳಿಯೂ ಜೊತೆಗೇ ಕಿತ್ತುಬಂತು. ಅಂದಂದೇ ಇಟ್ಟ ಮೊಟ್ಟೆಯಲ್ಲಿ ಬಿಳಿಯ ಭಾಗ ಪೊರೆಗೆ ಬಿಗಿಯಾಗಿ ಅಂಟಿರುತ್ತದೆ. ಒಂದು ವಾರ ಇಟ್ಟರೆ ಚಿಪ್ಪಿನ ಸಣ್ಣ ರಂಧ್ರಗಳಿಂದ ಇಂಗಾಲದ ಡೈ ಆಕ್ಸೈಡು ಹೊರಹೋಗಿ ಅಂಟು ಸಡಿಲುತ್ತದೆ. ಬೇಯಿಸಿ ಸುಲಿಯುವುದಕ್ಕೆ ಹಳೆಯ ಮೊಟ್ಟೆ, ಕಾವಿಗೆ ಹೊಸ ಮೊಟ್ಟೆ ಎಂದು ನೆನಪಿಟ್ಟರೆ ಸಾಕು. ಚೂರುಗಳೆಲ್ಲ ಸಾರಿಗೆ ಸೇರಿದುವು. ಬ್ಯಾರಿಯವರ ಮನೆಗೂ ಹವ್ಯಕರ ಮನೆಗೂ ಮಕ್ಕಳು ಬಾಳೆಹಣ್ಣು, ಗೇರುಬೀಜದ ಚಿಕ್ಕಿ ಕೊಟ್ಟುಬಂದರು. ಹವ್ಯಕರಲ್ಲಿಂದ ಹಿಂದಿರುಗುವಾಗ ಕೈಯಲ್ಲಿ ಹಲಸಿನ ಹಪ್ಪಳವಿತ್ತು.

ಮರಿಗಳೋ? ಭಾನುವಾರ ಬೆಳಗ್ಗೆ ಗೂಡಿನಲ್ಲಿ ಎಂಟೂ ಮೊಟ್ಟೆ ಹಾಗೆಯೇ ಇದ್ದುವು. ಮಧ್ಯಾಹ್ನವೂ ಅಷ್ಟೆ. ಗುಡುಗಿನಿಂದ ಕೆಟ್ಟಿತೆಂದು ನೆರೆಹೊರೆಯವರು ನಿರ್ಣಯಿಸಿದರು. ಇಪ್ಪತ್ತೊಂದು ದಿನವೆಂಬುದು ಸರಾಸರಿ; ಹೇಂಟೆ ಮೇವಿಗೆ ಎದ್ದ ಹೊತ್ತು, ತಂಪು, ಇವುಗಳಿಂದ ಒಂದು ದಿನ ಹಿಂದೆ ಮುಂದೆ ಆಗುವುದುಂಟು. ಸಂಜೆಗೆ ಹಿರಿಯಳು ಒಂದು ಮೊಟ್ಟೆಯನ್ನು ಕಿವಿಗೆ ಹಿಡಿದು ಒಳಗಿನಿಂದ ಕಿಚಕಿಚ ಕೇಳಿಸುತ್ತದೆಂದಳು. ಒಡೆದು ಸಹಾಯ ಮಾಡೋಣವೇ ಎಂದು ಕೇಳಿದ ತಮ್ಮನನ್ನು ಗದರಿಸಿದಳು. ಅವಳು ಮಾಡಿದ್ದು ಸರಿ. ಮರಿ ತಾನಾಗಿ ಒಡೆಯುವ ಮೊದಲು ಚಿಪ್ಪು ಕಿತ್ತರೆ ಪೊರೆಯ ರಕ್ತನಾಳಗಳು ಹರಿದು ಸಾಯುತ್ತದೆ. ಹೊಟ್ಟೆಯೊಳಕ್ಕೆ ಹಳದಿ ಪೂರ್ತಿ ಸೇರಲು ಹೊತ್ತು ಬೇಕು.

ಏಪ್ರಿಲ್ 21, ಸೋಮವಾರ ಬೆಳಗ್ಗೆ ಐದು ಮರಿಗಳು ಹೇಂಟೆಯ ರೆಕ್ಕೆಯಡಿಯಿಂದ ತಲೆ ಹೊರಹಾಕಿದುವು. ಎರಡು ಮೊಟ್ಟೆ ಒಡೆಯಲಿಲ್ಲ, ಒಂದು ಚಿಪ್ಪಿನಲ್ಲೇ ಸತ್ತಿತು. ನಮ್ಮ ತಾಯಿಯವರ ಮಡಿಲಿಗೆ ಮಕ್ಕಳು ಐದನ್ನೂ ತಂದು ಹಾಕಿದರು, ಹಿಂದೆಯೇ ಹೇಂಟೆ ಜಗಳಾಡುತ್ತ ಜಗಲಿ ಹತ್ತಿತು. ಅದೇ ಮಧ್ಯಾಹ್ನ ಪೋಪ್ ಫ್ರಾನ್ಸಿಸರು ತೀರಿಕೊಂಡರೆಂಬ ವಾರ್ತೆ ಬಂತು. ಹಿಂದಿನ ದಿನವಷ್ಟೇ ಅವರು ಜನರಿಗೆ ಹಬ್ಬದ ಆಶೀರ್ವಾದ ಕೊಟ್ಟಿದ್ದರು. ತಾಯಿಯವರು ಕಣ್ಣೊರೆಸಿಕೊಂಡು ಜಪಮಾಲೆ ತೆಗೆದುಕೊಂಡರು. ಒಂದು ಮರಿ ಇನ್ನೂ ಅವರ ಸೆರಗಿನೊಳಗೇ ಇತ್ತು, ತೆಗೆಯಲು ಬಿಡಲಿಲ್ಲ.

ಮರಿಗಳಿಗೆ ಮೊದಲ ದಿನ ಹೊಟ್ಟೆಯ ಹಳದಿಯೇ ಆಹಾರವಾದುದರಿಂದ 24 ಗಂಟೆ ಏನೂ ಕೊಡದಿದ್ದರೂ ನಡೆಯುತ್ತದೆ. ಅನಂತರ ನುಚ್ಚಕ್ಕಿ, ಗೆದ್ದಲು, ಆಳವಿಲ್ಲದ ತಟ್ಟೆಯಲ್ಲಿ ನೀರು. ಐದರಿಂದ ಏಳನೆಯ ದಿನದೊಳಗೆ ರಾಣಿಖೇತ್ ರೋಗದ ಲಸಿಕೆಯನ್ನು ಕಣ್ಣಿಗೋ ಮೂಗಿಗೋ ಒಂದು ಹನಿ ಹಾಕಿಸಬೇಕು. ಈ ರೋಗ ಬಂದರೆ ಊರಿನ ನಾಟಿ ಕೋಳಿಗಳೆಲ್ಲ ವಾರದೊಳಗೆ ಬರಿದಾಗುವುದನ್ನು ನಾವು ಕಂಡಿದ್ದೇವೆ. ನಮ್ಮ ಐದರಲ್ಲಿ ಒಂದನ್ನು ಕಾಗೆ ಒಯ್ದಿತು. ಒಂದನ್ನು ಹುಡುಗ ತಾನೇ ಹಾಳೆಯ ಬುಟ್ಟಿಯಲ್ಲಿಟ್ಟು ತೋಡಿನಾಚೆಯ ಬ್ಯಾರಿಯವರ ಮನೆಗೆ ಕೊಟ್ಟುಬಂದ. ಅದು ಹೇಂಟೆಯಾಗಿ ಬೆಳೆದು ಈಗ ಅವರ ಕಟ್ಟಿಗೆ ರಾಶಿಯ ಸಂದಿನಲ್ಲಿ ಮೊಟ್ಟೆ ಇಡುತ್ತಿದೆ. ನಮ್ಮಲ್ಲಿ ಉಳಿದ ಮೂರರಲ್ಲಿ ಎರಡು ಹುಂಜ.